ಗುಲಾಮಗಿರಿಯ ಕಾಲದ ಪ್ರೇಮಕಾದಂಬರಿ: ಒಡೆಯನನ್ನು ನಾಯಕನೆಂದು ಒಪ್ಪಬಹುದೇ?

ತುಂಗಾತೀರ

ನಮ್ಮ ಓದುಗರ ಬಳಗದಲ್ಲಿ ಕಳೆದ ತಿಂಗಳು ಅಮೆರಿಕದ ಒಂದು ಪ್ರೇಮಕಾದಂಬರಿಯನ್ನು ಓದಿದೆವು. ಪುಸ್ತಕದ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಅದೇ ಹಂದರದ ಕಾದಂಬರಿಗಳು ಬೇಕಾದಷ್ಟಿವೆ. ಕಥೆ 1850ರ ದಶಕದ ಜಾರ್ಜಿಯಾದಲ್ಲಿ ನಡೆಯುತ್ತದೆ. ಹತ್ತಿ ಬೆಳೆಯುವ ದೊಡ್ಡ ಎಸ್ಟೇಟಿನ ಯಜಮಾನನ ಮಗ ಅದೇ ಮನೆಯಲ್ಲಿ ಗುಲಾಮಳಾಗಿರುವ ಹುಡುಗಿಯನ್ನು ಪ್ರೀತಿಸುತ್ತಾನೆ. ಮೊದಮೊದಲು ಹೆದರುವ ಅವಳು ನಿಧಾನವಾಗಿ ಅವನಿಗೆ ಒಲಿಯುತ್ತಾಳೆ. ಕೊನೆಯಲ್ಲಿ ಅವನು ಬಿಡುಗಡೆಯ ಪತ್ರ ಬರೆದುಕೊಡುತ್ತಾನೆ, ಇಬ್ಬರೂ ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯವೊಂದಕ್ಕೆ ಹೊರಟುಹೋಗುತ್ತಾರೆ. ಭಾಷೆ ಸೊಗಸಾಗಿದೆ, ಪುಸ್ತಕ ಓದಿಸಿಕೊಂಡು ಹೋಗುತ್ತದೆ.

ಚರ್ಚೆಯ ದಿನ ಬಳಗ ಎರಡು ಪಾಲಾಯಿತು. ಜಾತಿ, ಬಣ್ಣ, ಕಾನೂನು ಎಲ್ಲವನ್ನೂ ಮೀರಿದ ಪ್ರೀತಿ ಇದು ಎಂದು ಕೆಲವರು ಮೆಚ್ಚಿಕೊಂಡರು. ತನ್ನನ್ನು ಕೊಂಡವನನ್ನು ಬೇಡವೆನ್ನುವ ಅಧಿಕಾರವೇ ಇಲ್ಲದ ಹುಡುಗಿ ಬೇಕು ಎಂದರೆ ಅದಕ್ಕೆ ಏನು ಅರ್ಥ ಎಂದು ನಾವು ಕೆಲವರು ಕೇಳಿದೆವು. ಸಂಜೆಯಾದರೂ ಮಾತು ಮುಗಿಯಲಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ: ಗುಲಾಮಗಿರಿಯ ಹಿನ್ನೆಲೆಯಲ್ಲಿ ಪ್ರೇಮಕಥೆಯನ್ನು ಬರೆಯಬಹುದೇ? ಬರೆಯುವುದಾದರೆ ಆ ಕಥೆಯಲ್ಲಿ ಯಾರು ಯಾರನ್ನು ಪ್ರೀತಿಸಬೇಕು?

ಹಳೆಯ ಓದುಗ

ಕಾದಂಬರಿಯನ್ನು ಕಾದಂಬರಿಯಾಗಿ ಓದುವ ಅಭ್ಯಾಸ ನಮಗೆ ತಪ್ಪಿಹೋಗುತ್ತಿದೆ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದ ಕಾದಂಬರಿಗಳನ್ನು ನಾನು ಕಾಲೇಜಿನ ದಿನಗಳಿಂದ ಓದುತ್ತಿದ್ದೇನೆ, ಅವು ನನ್ನನ್ನು ವರ್ಣದ್ವೇಷಿಯನ್ನಾಗಿ ಮಾಡಿಲ್ಲ. ಆ ಕಾಲದ ಜನರು ಆ ಕಾಲದ ನಂಬಿಕೆಗಳಲ್ಲಿ ಬದುಕಿದರು. ಇಂದಿನ ಅಳತೆಗೋಲನ್ನು ಹಿಡಿದು ಅವರ ಹೃದಯವನ್ನು ಅಳೆಯುವುದು ನ್ಯಾಯವಲ್ಲ. ಮನುಷ್ಯರು ಎಂಥ ಕೆಟ್ಟ ವ್ಯವಸ್ಥೆಯಲ್ಲಿಯೂ ಪ್ರೀತಿಸಿದ್ದಾರೆ, ಅದನ್ನು ತೋರಿಸುವುದೇ ಸಾಹಿತ್ಯದ ಕೆಲಸ.

ಸಹ್ಯಾದ್ರಿ

ಹಳೆಯ ಓದುಗ ಅವರ ಕೊನೆಯ ವಾಕ್ಯವನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ.

ರಾಲಿ ಕನ್ನಡತಿ

ನಾನು ನಾರ್ತ್ ಕ್ಯಾರೊಲೈನಾದಲ್ಲಿ ಇರುವುದರಿಂದ ಈ ರಾಜ್ಯದವಳೇ ಆದ ಒಬ್ಬ ಹೆಣ್ಣುಮಗಳ ಮಾತಿನಿಂದ ಆರಂಭಿಸುತ್ತೇನೆ. ಹ್ಯಾರಿಯೆಟ್ ಜೇಕಬ್ಸ್ ಇಲ್ಲಿನ ಈಡನ್‌ಟನ್ ಎಂಬ ಊರಿನಲ್ಲಿ ಗುಲಾಮಳಾಗಿ ಹುಟ್ಟಿದವಳು. ಹದಿನೈದನೆಯ ವಯಸ್ಸಿಗೆ ಬರುತ್ತಿದ್ದಂತೆ ಅವಳಿದ್ದ ಮನೆಯ ಯಜಮಾನ ಜೇಮ್ಸ್ ನಾರ್ಕಮ್ ಎಂಬ ವೈದ್ಯ ಅವಳ ಬೆನ್ನುಹತ್ತಿದ. ಬೇರೆ ಗುಲಾಮರಿಗೆ ಏಟು ಬೀಳುತ್ತಿದ್ದ ಮನೆಯಲ್ಲಿ ಅವಳಿಗೆ ಸಿಹಿಮಾತು, ಉಡುಗೊರೆಯ ಆಸೆ, ಊರಾಚೆ ಪ್ರತ್ಯೇಕ ಮನೆ ಕಟ್ಟಿಸಿಕೊಡುವ ಮಾತು ಎಲ್ಲವೂ ಬಂದವು. ನಮ್ಮ ಪ್ರೇಮಕಾದಂಬರಿಗಳು ನಾಯಕನ ಕೋಮಲತೆ ಎಂದು ತೋರಿಸುವ ಗುಣಗಳೇ ಇವು, ಅವಳು ಅವನ್ನು ಬಲೆ ಎಂದು ಗುರುತಿಸಿದಳು. ಅವನಿಂದ ಪಾರಾಗಲು ಅವಿವಾಹಿತನಾದ ಮತ್ತೊಬ್ಬ ಬಿಳಿಯ ವಕೀಲನ ಸಂಗವನ್ನು ತಾನಾಗಿ ಆರಿಸಿಕೊಂಡಳು, ಅವನಿಂದ ಎರಡು ಮಕ್ಕಳಾದವು. ಬಲವಂತಕ್ಕೆ ಮಣಿಯುವುದಕ್ಕಿಂತ ಇದರಲ್ಲಿ ಅವಮಾನ ಕಡಿಮೆ ಎನಿಸಿತೆಂದು ಅವಳು ಬರೆಯುತ್ತಾಳೆ. ಅದನ್ನೂ ಅವಳು ಪ್ರೇಮಕಥೆ ಎಂದು ಹೇಳಿಕೊಳ್ಳುವುದಿಲ್ಲ. ಮುಂದೆ ಸುಮಾರು ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಸಂದಿಯಲ್ಲಿ ಅಡಗಿ, ಕೆಳಗೆ ಆಡುವ ತನ್ನ ಮಕ್ಕಳನ್ನು ಸಣ್ಣ ಕಂಡಿಯಿಂದ ನೋಡುತ್ತ ಕಳೆದಳು. 1842ರಲ್ಲಿ ಉತ್ತರಕ್ಕೆ ತಪ್ಪಿಸಿಕೊಂಡಳು.

ಈ ಆತ್ಮಕಥೆ ಅಚ್ಚಾದದ್ದು 1861ರಲ್ಲಿ. ಅದೇ ವರ್ಷ ಸೌತ್ ಕ್ಯಾರೊಲೈನಾದ ಶ್ರೀಮಂತ ಎಸ್ಟೇಟ್ ಮನೆತನದ ಗೃಹಿಣಿ ಮೇರಿ ಚೆಸ್ನಟ್ ತನ್ನ ದಿನಚರಿಯಲ್ಲಿ, ನೆರೆಮನೆಯ ಮಿಶ್ರವರ್ಣದ ಮಕ್ಕಳ ತಂದೆ ಯಾರೆಂದು ಹೇಳಬಲ್ಲ ಹೆಂಗಸರು ತಮ್ಮದೇ ಮನೆಯ ಮಕ್ಕಳು ಆಕಾಶದಿಂದ ಉದುರಿದರೆಂಬಂತೆ ನಡೆದುಕೊಳ್ಳುತ್ತಾರೆ ಎಂದು ಕಹಿಯಾಗಿ ಬರೆದುಕೊಂಡಳು. ಆದ್ದರಿಂದ ಹಳೆಯ ಓದುಗ ಸರ್, ಇದನ್ನು ಇಂದಿನ ಅಳತೆಗೋಲು ಎನ್ನಬೇಡಿ. ಆ ಕಾಲದವರೇ, ಅದೂ ಆ ಮನೆಗಳ ಒಳಗಿದ್ದ ಹೆಂಗಸರೇ, ಇದನ್ನು ಕಂಡಿದ್ದರು, ಹೇಳಿದ್ದರು.

ಕಾನೂನಿನ ಪುಟ

ವಕೀಲಿ ವೃತ್ತಿಯಲ್ಲಿರುವುದರಿಂದ ಈ ವಿಷಯದ ಕಾನೂನಿನ ಮುಖವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಈ ಕಾದಂಬರಿಗಳಲ್ಲಿ ಚಾವಟಿ ಕಾಣಿಸುತ್ತದೆ, ಕಾನೂನು ಕಾಣಿಸುವುದಿಲ್ಲ.

ವರ್ಜೀನಿಯಾ ವಸಾಹತು 1662ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆ. ತಾಯಿ ಗುಲಾಮಳಾದರೆ, ತಂದೆ ಆ ಮನೆಯ ಯಜಮಾನನೇ ಆದರೂ, ಮಗು ಗುಲಾಮ. ಇಂಗ್ಲೆಂಡಿನ ವಾಡಿಕೆಯಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು, ಇಲ್ಲಿ ಅದನ್ನು ತಿರುಗಿಸಿದರು. 1808ರಲ್ಲಿ ಆಫ್ರಿಕಾದಿಂದ ಜನರನ್ನು ತರುವುದು ನಿಷಿದ್ಧವಾದ ಮೇಲೆ, ದಕ್ಷಿಣದ ಒಡೆಯರ ಆಸ್ತಿ ಹೆಚ್ಚಲು ಇದ್ದ ಮುಖ್ಯ ದಾರಿ ಗುಲಾಮ ಹೆಣ್ಣುಗಳ ಹೆರಿಗೆ. ಹೀಗಿರುವಾಗ ಯಜಮಾನನ ಕೋಣೆಯೊಳಗೆ ನಡೆದದ್ದನ್ನು ಖಾಸಗಿ ಭಾವನೆಯೆಂದು ಮಾತ್ರ ಬರೆಯುವುದು ಹೇಗೆ ಸಾಧ್ಯ? ಅದು ಅವನ ಲೆಕ್ಕದ ಪುಸ್ತಕಕ್ಕೂ ಸೇರುತ್ತಿತ್ತು.

ಎರಡನೆಯದಾಗಿ ಸೀಲಿಯಾಳ ಮೊಕದ್ದಮೆ. ಮಿಸೌರಿಯ ಕ್ಯಾಲವೇ ಕೌಂಟಿಯ ರಾಬರ್ಟ್ ನ್ಯೂಸಮ್ ಎಂಬ ವಿಧುರ 1850ರಲ್ಲಿ ಸುಮಾರು ಹದಿನಾಲ್ಕು ವರ್ಷದ ಈ ಹುಡುಗಿಯನ್ನು ಕೊಂಡು ತಂದು, ವರ್ಷಗಟ್ಟಲೆ ಅವಳ ಮೇಲೆ ಅತ್ಯಾಚಾರ ನಡೆಸಿದ. ಅವಳು ಜಾರ್ಜ್ ಎಂಬ ಗುಲಾಮನನ್ನು ಒಲಿದಿದ್ದಳು. ಇನ್ನು ತನ್ನ ಗುಡಿಸಿಲಿಗೆ ಬರಬೇಡವೆಂದು ಒಡೆಯನನ್ನು ಬೇಡಿಕೊಂಡಳು. ಅವನು ಬಂದ. 1855ರ ಜೂನ್ ತಿಂಗಳ ಆ ರಾತ್ರಿ ಅವಳ ಹೊಡೆತಕ್ಕೆ ಅವನು ಸತ್ತ. ಮಿಸೌರಿಯ ಕಾನೂನು ‘ಯಾವುದೇ ಹೆಂಗಸಿನ’ ಮೇಲೆ ಬಲಾತ್ಕಾರ ನಡೆಸುವುದು ಅಪರಾಧ ಎಂದು ಹೇಳುತ್ತಿತ್ತು. ಅವಳ ಪರ ವಕೀಲರು ಇದನ್ನೇ ಹಿಡಿದು ವಾದಿಸಿದರು. ಆದರೆ ಆ ರಕ್ಷಣೆ ಅವಳಿಗೂ ಇದೆ ಎಂದು ಜ್ಯೂರಿಗೆ ತಿಳಿಸಲು ನ್ಯಾಯಾಧೀಶ ಒಪ್ಪಲಿಲ್ಲ. 1855ರ ಡಿಸೆಂಬರ್ 21ರಂದು ಅವಳನ್ನು ಗಲ್ಲಿಗೇರಿಸಿದರು.

ತುಂಗಾತೀರ ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರ ಈ ಮೊಕದ್ದಮೆಯಲ್ಲೇ ಇದೆ. ಒಡೆಯನಿಗೆ ಒಲ್ಲೆ ಎಂದವಳಿಗೆ ಆ ರಾಜ್ಯ ಕೊಟ್ಟದ್ದು ನೇಣು. ಹಾಗೆ ಒಲ್ಲೆ ಎನ್ನಲಾಗದ ಹುಡುಗಿಯ ‘ಹೂಂ’ ಎಂಬ ಮಾತನ್ನು ಕಾದಂಬರಿಯ ಶಿಖರವಾಗಿ ನಿಲ್ಲಿಸಲು ಬರುವುದಿಲ್ಲ.

ಹಳೆಯ ಓದುಗ

ನೀವಿಬ್ಬರೂ ಕ್ರೂರಿಗಳ ಉದಾಹರಣೆಗಳನ್ನೇ ಕೊಟ್ಟಿದ್ದೀರಿ. ರಿಚರ್ಡ್ ಮೆಂಟರ್ ಜಾನ್ಸನ್ ಎಂಬವರು 1837ರಿಂದ 1841ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದರು. ಅವರು ಜೂಲಿಯಾ ಚಿನ್ ಎಂಬ ಗುಲಾಮ ಸ್ತ್ರೀಯನ್ನು ಹೆಂಡತಿಯಂತೆ ಮನೆಯಲ್ಲಿಟ್ಟುಕೊಂಡರು, ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ತಮ್ಮ ಹೆಸರನ್ನು ಕೊಟ್ಟರು, ಓದಿಸಿದರು, ಆಸ್ತಿ ಕೊಟ್ಟರು. ಅದಕ್ಕಾಗಿ ರಾಜಕೀಯದಲ್ಲಿ ಏಟನ್ನೂ ತಿಂದರು. ಇದನ್ನು ಪ್ರೀತಿ ಎನ್ನದೆ ಏನೆನ್ನಬೇಕು? ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಮತ್ತು ಅವರ ಮನೆಯ ಗುಲಾಮ ಸ್ತ್ರೀ ಸ್ಯಾಲಿ ಹೆಮಿಂಗ್ಸ್ ಅವರದೂ ದಶಕಗಳ ಸಂಬಂಧವೇ.

ರಾಲಿ ಕನ್ನಡತಿ

ಜಾನ್ಸನ್ ಅವರ ಉದಾಹರಣೆ ಒಳ್ಳೆಯದು, ಅದನ್ನು ಪೂರ್ತಿಯಾಗಿ ನೋಡೋಣ. ಜೂಲಿಯಾ ಎಸ್ಟೇಟನ್ನು ನಡೆಸಿದಳು, ಅತಿಥಿಗಳನ್ನು ಬರಮಾಡಿಕೊಂಡಳು, 1833ರಲ್ಲಿ ಕಾಲರಾದಿಂದ ಸತ್ತಳು. ಅಲ್ಲಿಯವರೆಗೆ ಜಾನ್ಸನ್ ಅವಳಿಗೆ ಬಿಡುಗಡೆಯನ್ನು ಕೊಡಲಿಲ್ಲ. ಅವಳು ಹೆಂಡತಿಯ ಕೆಲಸಗಳನ್ನೆಲ್ಲ ಮಾಡುತ್ತಲೇ ಅವನ ಆಸ್ತಿಯಾಗಿ ಸತ್ತಳು. ಆಮೇಲೆ ಅವನು ಇನ್ನೊಬ್ಬ ಗುಲಾಮ ಹೆಣ್ಣನ್ನು ಅದೇ ಜಾಗಕ್ಕೆ ತಂದುಕೊಂಡ. ಅವಳು ಬೇರೊಬ್ಬನೊಡನೆ ಓಡಿಹೋದಳು, ಅವಳನ್ನು ಹಿಡಿಸಿ ತಂದು ಮಾರಿಬಿಟ್ಟ. ಮೊದಲನೆಯವಳ ಮೇಲಿದ್ದದ್ದು ಏನು ಎಂಬುದನ್ನು ಎರಡನೆಯವಳ ಪಾಡಿನಿಂದ ಅಳೆಯಬೇಕಾಗುತ್ತದೆ.

ಸ್ಯಾಲಿ ಹೆಮಿಂಗ್ಸ್ ಜೆಫರ್ಸನ್ನನ ತೀರಿಹೋದ ಹೆಂಡತಿಗೆ ತಂದೆಯ ಕಡೆಯಿಂದ ತಂಗಿ. 1787ರಲ್ಲಿ ಅವಳು ಪ್ಯಾರಿಸ್ಸಿಗೆ ಹೋದಾಗ ಅವಳಿಗೆ ಹದಿನಾಲ್ಕು, ಅವನಿಗೆ ನಲವತ್ತನಾಲ್ಕು. ಅವಳ ಮಗ ಮ್ಯಾಡಿಸನ್ 1873ರಲ್ಲಿ ಹೇಳಿದ ಪ್ರಕಾರ, ಫ್ರಾನ್ಸಿನಲ್ಲಿ ಸ್ವತಂತ್ರಳಾಗಿ ಉಳಿಯಬಹುದಾಗಿದ್ದ ಅವಳು, ತನಗೆ ಹುಟ್ಟುವ ಮಕ್ಕಳನ್ನು ಇಪ್ಪತ್ತೊಂದನೆಯ ವಯಸ್ಸಿಗೆ ಬಿಡುಗಡೆ ಮಾಡಬೇಕೆಂಬ ಮಾತನ್ನು ಪಡೆದುಕೊಂಡು ವರ್ಜೀನಿಯಾಕ್ಕೆ ಮರಳಿದಳು. ಇದರಲ್ಲಿ ನನಗೆ ಒಬ್ಬ ಹದಿಹರೆಯದ ಹುಡುಗಿಯ ಅಸಾಧಾರಣ ಬುದ್ಧಿವಂತಿಕೆ ಕಾಣುತ್ತದೆ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ಅವಳ ಸ್ವಂತ ಬರಹದ ಒಂದು ಸಾಲೂ ಉಳಿದಿಲ್ಲ. ಆ ಖಾಲಿ ಜಾಗವನ್ನು ಎಷ್ಟೋ ಲೇಖಕರು ಮತ್ತು ಚಿತ್ರ ನಿರ್ಮಾಪಕರು ‘ಪ್ರೇಮ’ದಿಂದ ತುಂಬಿದರು. ನನ್ನ ತಕರಾರು ಇರುವುದು ಆ ಆತುರದ ಬಗ್ಗೆ.

ಹಂಪಿಯ ಕಲ್ಲು

1863ರಲ್ಲಿ ಲಿಂಕನ್ ಎಲ್ಲ ಗುಲಾಮರನ್ನು ಬಿಡುಗಡೆ ಮಾಡಿದ ಮೇಲಿನ ಕಾಲಕ್ಕೆ ಕಥೆಯನ್ನು ತಂದರೆ ಈ ಸಮಸ್ಯೆಯೇ ಇರುವುದಿಲ್ಲವಲ್ಲ?

ಕಾನೂನಿನ ಪುಟ

1863ರ ಘೋಷಣೆ ಅಂತರ್ಯುದ್ಧದಲ್ಲಿ ದಂಗೆಯೆದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತ್ತು. ದಂಗೆಯೇಳದ ಕೆಂಟಕಿಯಂತಹ ರಾಜ್ಯಗಳಲ್ಲಿ ಗುಲಾಮಗಿರಿ 1865ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಜಾರಿಗೆ ಬರುವವರೆಗೂ ಇತ್ತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಮದುವೆಯನ್ನು ತಡೆಯುವ ರಾಜ್ಯ ಕಾನೂನುಗಳನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದಂತೂ 1967ರಲ್ಲಿ.

ಕಡಲ ತಡಿ

ಚರ್ಚೆ ಒಡೆಯ ಮತ್ತು ಗುಲಾಮ ಹೆಣ್ಣಿನ ಜೋಡಿಯ ಸುತ್ತಲೇ ತಿರುಗುತ್ತಿದೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಬೇರೆ ಬಗೆಯ ಕಾದಂಬರಿ, ಅದರ ಸಂಖ್ಯೆಯೂ ದೊಡ್ಡದು. ನಾಯಕ ನಾಯಕಿ ಇಬ್ಬರೂ ಬಿಳಿಯರು, ಬಿಳಿ ಕಂಬಗಳ ದೊಡ್ಡ ಮನೆ, ಓಕ್ ಮರಗಳ ಸಾಲು, ನೃತ್ಯಕೂಟ. ಗುಲಾಮರು ಬಾಗಿಲು ತೆರೆಯಲು, ತಲೆ ಬಾಚಲು, ನಾಯಕಿಗೆ ಬುದ್ಧಿ ಹೇಳಲು ಮಾತ್ರ ಬರುತ್ತಾರೆ. ನಾಯಕ ‘ದಯಾಳುವಾದ ಯಜಮಾನ’ ಎಂದು ಎರಡು ಸಾಲಿನಲ್ಲಿ ಹೇಳಿ ಲೇಖಕರು ಕೈತೊಳೆದುಕೊಳ್ಳುತ್ತಾರೆ.

ಇಂಥ ಮದುವೆ ನಿಜವಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಫ್ಯಾನಿ ಕೆಂಬಲ್ ಅವರ ಬದುಕು ಇದೆ. ಇಂಗ್ಲೆಂಡಿನ ಹೆಸರಾಂತ ನಟಿಯಾದ ಆಕೆ ಅಮೆರಿಕದ ಪ್ರವಾಸದಲ್ಲಿದ್ದಾಗ ಪಿಯರ್ಸ್ ಬಟ್ಲರ್ ಎಂಬ ಶ್ರೀಮಂತ ಯುವಕ ಊರೂರಿಗೆ ಹಿಂಬಾಲಿಸಿ ಬಂದು, 1834ರಲ್ಲಿ ಮದುವೆಯಾದ. ಅವನ ಮನೆತನದ ಸಂಪತ್ತು ಜಾರ್ಜಿಯಾದ ಸಮುದ್ರತೀರದ ಭತ್ತ ಮತ್ತು ಹತ್ತಿಯ ಎಸ್ಟೇಟುಗಳದ್ದು. 1838ರ ಕೊನೆಯಲ್ಲಿ ಆಕೆ ಅಲ್ಲಿಗೆ ಹೋದಳು. ಗುಲಾಮ ಹೆಂಗಸರು ಆಕೆಯ ಬಳಿ ಬಂದು, ಹೆರಿಗೆಯಾದ ಮೇಲೆ ಹೊಲಕ್ಕೆ ಇಳಿಯುವ ಮುನ್ನ ಇನ್ನಷ್ಟು ದಿನ ವಿಶ್ರಾಂತಿ ಕೊಡಿಸಿ ಎಂದು ಬೇಡುತ್ತಿದ್ದರು, ಕಳೆದುಕೊಂಡ ಮಕ್ಕಳ ಲೆಕ್ಕ ಹೇಳುತ್ತಿದ್ದರು. ಆಕೆ ಎಲ್ಲವನ್ನೂ ಬರೆದಿಟ್ಟಳು. ಗಂಡ ಇಂಥ ಅಹವಾಲುಗಳನ್ನು ತನ್ನ ಬಳಿ ತರಕೂಡದೆಂದ. 1849ರಲ್ಲಿ ವಿಚ್ಛೇದನವಾಯಿತು, ಹೆಣ್ಣುಮಕ್ಕಳು ತಂದೆಯ ವಶಕ್ಕೆ ಹೋದರು. ಆ ದಿನಚರಿಯನ್ನು ಆಕೆ 1863ರಲ್ಲಿ, ಯುದ್ಧದ ನಡುವೆ, ಪ್ರಕಟಿಸಿದಳು.

ಬೇಕಾದರೆ ಇದನ್ನು ಕಾದಂಬರಿಯಾಗಿ ಬರೆಯಿರಿ. ನಾಯಕಿಗೆ ಕಣ್ಣು ಇದ್ದರೆ ಬಿಳಿ ಕಂಬಗಳ ಮನೆಯ ಪ್ರೇಮ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಮಲ್ಲಿಗೆಹಳ್ಳಿ

ಕೆಂಬಲ್ ಅವರ ವಿಷಯ ಗೊತ್ತಿರಲಿಲ್ಲ, ಓದುತ್ತೇನೆ. ಇಂಗ್ಲೆಂಡಿನ ಡ್ಯೂಕುಗಳ ಪ್ರೇಮಕಥೆಗಳಿಗೂ ಇದೇ ಮಾತನ್ನು ಹೇಳಬೇಕಲ್ಲವೇ? ಆ ಡ್ಯೂಕುಗಳಲ್ಲಿ ಎಷ್ಟೋ ಜನರ ಹಣ ವೆಸ್ಟ್ ಇಂಡೀಸಿನ ಸಕ್ಕರೆಯದು. 1833ರ ಕಾನೂನಿನಿಂದ ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟದ್ದು ಒಡೆಯರಿಗೆ. ದುಡಿದವರಿಗೆ ಏನೂ ಸಿಗಲಿಲ್ಲ. ನಾಯಕನ ವಾರ್ಷಿಕ ಆದಾಯವನ್ನು ಅಷ್ಟು ಖುಷಿಯಿಂದ ಹೇಳುವ ಲೇಖಕಿಯರು ಅದು ಬರುವ ಜಾಗವನ್ನು ಹೇಳುವುದೇ ಇಲ್ಲ.

ಸಹ್ಯಾದ್ರಿ

ಸರಿಯಾದ ಮಾತು, ಆದರೆ ಅದಕ್ಕೆ ಪ್ರತ್ಯೇಕ ಚರ್ಚೆಯೇ ಬೇಕು.

ಅಟ್ಟದ ಪುಸ್ತಕ

ಈ ವಾದಗಳು ನಮ್ಮ ಓದುಗರ ನಡುವೆ ಮಾತ್ರ ನಡೆಯುತ್ತಿಲ್ಲ. ಅಮೆರಿಕದ ಪ್ರೇಮಕಾದಂಬರಿ ಲೇಖಕರ ಸಂಘ ದಶಕಗಳಿಂದ ವಾರ್ಷಿಕ ಪ್ರಶಸ್ತಿಗಳನ್ನು ಕೊಡುತ್ತ ಬಂದಿತ್ತು. ಕಪ್ಪು ಲೇಖಕಿಯರಿಗೆ ಆ ಪ್ರಶಸ್ತಿ ಮೊದಲ ಬಾರಿಗೆ ಬಂದದ್ದು 2019ರಲ್ಲಿ. 2015ರಲ್ಲಿ ನಾಜಿ ಶಿಬಿರದ ಅಧಿಕಾರಿಯೊಬ್ಬ ನಾಯಕನಾಗಿ, ಯಹೂದಿ ಬಂದಿಯೊಬ್ಬಳು ನಾಯಕಿಯಾಗಿದ್ದ ಕಾದಂಬರಿ ಅಂತಿಮ ಪಟ್ಟಿಗೆ ಬಂದು ದೊಡ್ಡ ಗದ್ದಲವಾಯಿತು. 2021ರಲ್ಲಿ, 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಪಾಲ್ಗೊಂಡ ಸೈನಿಕನನ್ನು ನಾಯಕನನ್ನಾಗಿಸಿದ ಕಾದಂಬರಿಗೆ ಪ್ರಶಸ್ತಿ ಕೊಟ್ಟು, ಓದುಗರು ಪ್ರತಿಭಟಿಸಿದ ಮೇಲೆ ಹಿಂದಕ್ಕೆ ಪಡೆದರು.

ಎಸ್ಟೇಟಿನ ಒಡೆಯ, ನಾಜಿ ಅಧಿಕಾರಿ, ಸೈನಿಕ, ಮೂರೂ ಕಡೆ ನಡೆದದ್ದು ಒಂದೇ. ಪ್ರೇಮಕಾದಂಬರಿಯ ಕಟ್ಟು ನಾಯಕನಿಗೆ ಕ್ಷಮೆಯನ್ನು ಕೊಟ್ಟೇ ತೀರುತ್ತದೆ. ಅವನು ಎಂಥ ತಪ್ಪು ಮಾಡಿರಲಿ, ನಾಯಕಿಯ ಪ್ರೀತಿ ಅವನನ್ನು ತೊಳೆಯುತ್ತದೆ. ಆ ತಪ್ಪು ಅಹಂಕಾರವೋ ಕೋಪವೋ ಆಗಿದ್ದರೆ ನಮಗೆ ಹಿತವೆನಿಸುತ್ತದೆ. ಮನುಷ್ಯರನ್ನು ಮಾರಿದ್ದು, ಕೊಂದದ್ದು ಆ ತಪ್ಪಾದಾಗ, ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರವನ್ನು ನಾಯಕಿಗೆ ಯಾರು ಕೊಟ್ಟರು? ಒಡೆಯನನ್ನು ನಾಯಕನನ್ನಾಗಿ ಮಾಡುವ ಕಾದಂಬರಿ ಅವನ ಹೊಲದಲ್ಲಿರುವ ನೂರಾರು ಜನರ ಹೆಸರಿನಲ್ಲಿ ರಾಜಿ ಮಾಡಿಕೊಳ್ಳುತ್ತದೆ, ಅವರನ್ನು ಕೇಳದೆಯೇ.

ಹಳೆಯ ಓದುಗ

ಹಾಗಾದರೆ ಮುಂದಿನ ಹೆಜ್ಜೆ ನಿಷೇಧವೇ? ದಕ್ಷಿಣದ ಎಸ್ಟೇಟ್ ಮನೆತನದ ಕಥೆಯಾದ, ನಾನು ಹಲವು ಬಾರಿ ಓದಿದ 1936ರ ‘ಗಾನ್ ವಿತ್ ದ ವಿಂಡ್’ ಕಾದಂಬರಿಯ ಚಲನಚಿತ್ರವನ್ನು 2020ರಲ್ಲಿ ಒಂದು ಕಂಪನಿ ತನ್ನ ವೇದಿಕೆಯಿಂದ ತೆಗೆದೇ ಹಾಕಿತು. ಕಪ್ಪು ಜನರು ಮಾತ್ರ ಕಪ್ಪು ಜನರ ಕಥೆಯನ್ನು ಬರೆಯಬೇಕು ಎಂಬ ನಿಯಮ ಬಂದರೆ ಕನ್ನಡದಲ್ಲಿ ಕುಳಿತು ನಾವು ಯಾರ ಬಗ್ಗೆ ಬರೆಯಬೇಕು? ನನಗೆ ಈ ಭಯ ನಿಜವಾಗಿಯೂ ಇದೆ.

ಅಟ್ಟದ ಪುಸ್ತಕ

ಆ ಚಿತ್ರವನ್ನು ಅದೇ ತಿಂಗಳು ಮರಳಿ ಹಾಕಿದರು, ಒಂದು ಅಕ್ಷರವನ್ನೂ ಕತ್ತರಿಸದೆ, ಚಲನಚಿತ್ರ ಇತಿಹಾಸಕಾರ್ತಿ ಜಾಕ್ವೆಲಿನ್ ಸ್ಟೀವರ್ಟ್ ಅವರ ಪೀಠಿಕೆಯೊಂದಿಗೆ. ಅದರಲ್ಲಿ ಮನೆಯ ದಾಸಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಅವರು 1939ರಲ್ಲಿ ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಮರುವರ್ಷ ಆಸ್ಕರ್ ಪಡೆದ ರಾತ್ರಿಯೂ ಚಿತ್ರತಂಡದಿಂದ ದೂರ, ಬೇರೆ ಮೇಜಿನಲ್ಲಿ ಕುಳಿತಿದ್ದರು. ಪೀಠಿಕೆ ಬೇಕೆನ್ನಲು ಇಷ್ಟು ಸಾಕು. ನಾವು ನಿಷೇಧವನ್ನು ಕೇಳುತ್ತಿಲ್ಲ, ಓದುವಾಗ ಕಣ್ಣು ತೆರೆದಿರಲಿ ಎಂದು ಕೇಳುತ್ತಿದ್ದೇವೆ. ಅದು ಓದುಗನ ಸ್ವಾತಂತ್ರ್ಯವನ್ನು ಕಡಿಮೆ ಮಾಡುವುದಿಲ್ಲ.

ಶಾಲ್ಮಲಾ

ಯಾರು ಬರೆಯಬೇಕು ಎಂಬುದಕ್ಕಿಂತ ಯಾರು ಈಗಾಗಲೇ ಬರೆದಿದ್ದಾರೆ, ನಾವು ಅವರನ್ನು ಏಕೆ ಓದಿಲ್ಲ ಎಂಬ ಪ್ರಶ್ನೆಯನ್ನು ನಾನು ಕೇಳುತ್ತೇನೆ. ಬೆವರ್ಲಿ ಜೆಂಕಿನ್ಸ್ ಅವರು 1994ರಿಂದ ಹತ್ತೊಂಬತ್ತನೆಯ ಶತಮಾನದ ಕಪ್ಪು ಜನರ ಪ್ರೇಮಕಥೆಗಳನ್ನೇ ಬರೆಯುತ್ತಿದ್ದಾರೆ. ಅಲ್ಲಿ ಶಿಕ್ಷಕಿಯರು, ವೈದ್ಯರು, ಓಡಿಬಂದವರನ್ನು ಅಡಗಿಸಿ ಮುಂದಕ್ಕೆ ಸಾಗಿಸುವವರು ನಾಯಕ ನಾಯಕಿಯರಾಗುತ್ತಾರೆ. ಅಲಿಸಾ ಕೋಲ್ ಅವರ 2017ರ ಕಾದಂಬರಿಯಲ್ಲಿ ಅಂತರ್ಯುದ್ಧದ ಕಾಲದ ಕಪ್ಪು ಗೂಢಚಾರಿಣಿಯೊಬ್ಬಳು ಬಿಳಿಯ ಪತ್ತೇದಾರನನ್ನು ಪ್ರೀತಿಸುತ್ತಾಳೆ. ಅವಳು ಸ್ವತಂತ್ರಳು, ಅವನು ಅವಳ ಒಡೆಯನಲ್ಲ, ಇಬ್ಬರೂ ಒಂದೇ ಕೆಲಸದಲ್ಲಿ ಪ್ರಾಣ ಒತ್ತೆಯಿಟ್ಟವರು. ಬಣ್ಣ ಬೇರೆಯಾದ ಮಾತ್ರಕ್ಕೆ ಪ್ರೇಮ ಅಸಾಧ್ಯವೆಂದು ಇಲ್ಲಿ ಯಾರೂ ಹೇಳಿಲ್ಲ. ಒಬ್ಬರು ಇನ್ನೊಬ್ಬರ ಸೊತ್ತಾಗಿರುವುದೇ ತೊಡಕು.

ಇನ್ನೊಂದು ಮಾತು ನಮ್ಮ ಲೇಖಕರಿಗೆ. ಇಂಥ ಕಥೆಗಳಲ್ಲಿ ಗುಲಾಮ ನಾಯಕಿ ಯಾವಾಗಲೂ ‘ಬಿಳಿಯಳೆಂದೇ ತೋರುವಷ್ಟು’ ತಿಳಿಬಣ್ಣದವಳು. ನ್ಯೂ ಆರ್ಲಿಯನ್ಸಿನ ಗುಲಾಮರ ಮಾರುಕಟ್ಟೆಯಲ್ಲಿ ತಿಳಿಬಣ್ಣದ ಹುಡುಗಿಯರನ್ನು ಬೇರೆಯಾಗಿ ಇಟ್ಟು, ಯಾವ ಉದ್ದೇಶಕ್ಕೆಂದು ಎಲ್ಲರಿಗೂ ತಿಳಿದಂತೆ, ಬಹಳ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಹಾಲುಬಣ್ಣದ ಹುಡುಗಿಯನ್ನೇ ಸುಂದರಿ ಎಂದು ಬರೆದು ಅಭ್ಯಾಸವಾಗಿರುವ ನಾವು ಆ ವರ್ಣನೆಯನ್ನು ಕನ್ನಡಕ್ಕೆ ತರುವಾಗ ಆ ಮಾರುಕಟ್ಟೆಯ ರುಚಿಯನ್ನೇ ಹೊತ್ತು ತರುತ್ತೇವೆ.

ಯಲ್ಲಾಪುರದ ಮೇಷ್ಟ್ರು

ಕನ್ನಡದಲ್ಲಿ ಇದನ್ನು ಬರೆಯುವವರು ನೆನಪಿಡಬೇಕಾದ ಒಂದು ಸಂಗತಿಯಿದೆ. ಆಫ್ರಿಕಾದ ಗುಲಾಮಗಿರಿಯ ಕಥೆ ನಮಗೆ ದೂರದ್ದೆಂದು ಇಲ್ಲಿ ಹಲವರು ಭಾವಿಸಿದಂತಿದೆ. ನಾನು ಕಲಿಸುವ ತರಗತಿಯಲ್ಲಿ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರು, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡುಗಳಿಗೆ ಬಂದವರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಲ್ಲಿ. ಈ ಮಕ್ಕಳು ಕನ್ನಡ ಓದುತ್ತಾರೆ. ಗುಂಗುರು ಕೂದಲು, ದಪ್ಪ ತುಟಿ ಎಂದು ಹಾಸ್ಯಕ್ಕೋ ಭಯಕ್ಕೋ ಬರೆದ ಸಾಲು ಬಂದಾಗ ತರಗತಿಯಲ್ಲಿ ಯಾರ ಕಡೆಗೆ ತಲೆಗಳು ತಿರುಗುತ್ತವೆ ಎಂಬುದನ್ನು ನಾನು ನೋಡಿದ್ದೇನೆ. ಆದ್ದರಿಂದ ‘ನಮ್ಮ ಓದುಗರಲ್ಲಿ ಅವರು ಇಲ್ಲವಲ್ಲ’ ಎಂಬ ಸಮಾಧಾನ ಕನ್ನಡದ ಲೇಖಕರಿಗೆ ದೊರೆಯುವುದಿಲ್ಲ.

ಮಲ್ಲಿಗೆಹಳ್ಳಿ

ಧನ್ಯವಾದಗಳು, ಮೇಷ್ಟ್ರೇ. ಜಮೀನ್ದಾರನ ಮಗ ಜೀತದಾಳಿನ ಮಗಳನ್ನು ಮೋಹಿಸುವ ಕಥೆಗಳನ್ನು ನಾವು ನೋಡುತ್ತಲೇ ಬೆಳೆದವರು, ಜೀತವನ್ನು ಕಾನೂನು ರದ್ದು ಮಾಡಿದ್ದೇ 1976ರಲ್ಲಿ. ಒಡೆಯನ ಪ್ರೀತಿ ನಮಗೆ ಇಷ್ಟು ಸುಲಭವಾಗಿ ಹಿಡಿಸುವುದಕ್ಕೆ ಆ ಅಭ್ಯಾಸವೂ ಕಾರಣವಿರಬೇಕು.

ತುಂಗಾತೀರ

ಇಷ್ಟೊಂದು ಜನರು ಬರೆದಿರುವುದಕ್ಕೆ ಸಂತೋಷವಾಗಿದೆ. ಆದರೆ ನನ್ನ ಎರಡನೆಯ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಒಡೆಯನನ್ನು ಬಿಟ್ಟರೆ, ಗುಲಾಮರ ನಡುವಿನ ಪ್ರೇಮವನ್ನು ಪ್ರೇಮಕಾದಂಬರಿಯ ಸುಖಾಂತ್ಯದ ನಿಯಮಕ್ಕೆ ಒಗ್ಗಿಸಲು ಆಗುತ್ತದೆಯೇ? ಆ ಬದುಕಿನಲ್ಲಿ ಸುಖಾಂತ್ಯ ಎಂದರೆ ಸುಳ್ಳು ಹೇಳಿದಂತಾಗುವುದಿಲ್ಲವೇ?

ಕಡಲ ತಡಿ

ಮೊದಲು ದುಃಖಾಂತ್ಯವನ್ನೇ ಹೇಳುತ್ತೇನೆ, ಏಕೆಂದರೆ ಅದು ಅದೇ ಪಿಯರ್ಸ್ ಬಟ್ಲರನ ಎಸ್ಟೇಟಿನದು. ಸಾಲದಲ್ಲಿ ಮುಳುಗಿದ ಅವನು 1859ರ ಮಾರ್ಚಿನಲ್ಲಿ, ಸವಾನಾ ನಗರದ ಹತ್ತಿರದ ಕುದುರೆಪಂದ್ಯದ ಮೈದಾನದಲ್ಲಿ 436 ಜನರನ್ನು ಮಾರಾಟಕ್ಕಿಟ್ಟ. ಎರಡು ದಿನ ಎಡೆಬಿಡದೆ ಮಳೆ ಸುರಿಯಿತು, ಅಲ್ಲಿನ ಕಪ್ಪು ಜನರು ಆ ದಿನಗಳನ್ನು ಅಳುವಿನ ಕಾಲ ಎಂದೇ ನೆನೆದರು. ನ್ಯೂಯಾರ್ಕಿನ ಪತ್ರಿಕೆಯೊಂದರ ವರದಿಗಾರ ಕೊಳ್ಳುವವನಂತೆ ನಟಿಸಿ ಎಲ್ಲವನ್ನೂ ಬರೆದುಕೊಂಡ. ಅವನ ವರದಿಯಲ್ಲಿ ಜೆಫ್ರಿ ಎಂಬ ಇಪ್ಪತ್ತಮೂರು ವರ್ಷದ ಯುವಕನಿದ್ದಾನೆ. ತನ್ನನ್ನು ಕೊಂಡವನ ಮುಂದೆ ಟೋಪಿ ತೆಗೆದು ನಿಂತು, ತಾನು ಪ್ರೀತಿಸುವ ಡಾರ್ಕಸ್ ಎಂಬ ಹುಡುಗಿಯನ್ನೂ ಕೊಳ್ಳಬೇಕೆಂದು ಅವನು ಬೇಡುತ್ತಾನೆ. ತಮ್ಮ ಪ್ರೀತಿಯನ್ನು ಹೇಳುವಾಗಲೂ, ಅವಳು ಎಷ್ಟು ಚೆನ್ನಾಗಿ ಕೆಲಸ ಮಾಡುವ ಆಳು, ಅವಳಿಗೆ ಎಷ್ಟು ಬೆಲೆ ಬರುತ್ತದೆ ಎಂದು ವ್ಯಾಪಾರದ ಮಾತಿನಲ್ಲಿ ಹೇಳಬೇಕಾಗುತ್ತದೆ. ಗಂಡಹೆಂಡಿರನ್ನು ಬೇರ್ಪಡಿಸಿ ಮಾರುವುದಿಲ್ಲವೆಂಬ ಷರತ್ತು ಇತ್ತು, ಆದರೆ ಇವರಿಗೆ ಇನ್ನೂ ಮದುವೆಯಾಗಿರಲಿಲ್ಲ. ಡಾರ್ಕಸಳನ್ನು ನಾಲ್ಕು ಜನರ ಕುಟುಂಬದೊಂದಿಗೆ ಸೇರಿಸಿಯೇ ಮಾರುತ್ತಾರೆಂದು ತಿಳಿದಾಗ ಕೊಂಡವನು ಹಿಂಜರಿದ. ಇಬ್ಬರೂ ಬೇರೆಬೇರೆಯವರ ಪಾಲಾದರು.

ಪ್ರೇಮಕಥೆಗೆ ಬೇಕಾದ ಎಲ್ಲವೂ ಇದರಲ್ಲಿ ಇದೆ. ಒಡೆಯನ ಕಣ್ಣಿನಿಂದ ನೋಡಿದವರಿಗೆ ಇದು ಪಟ್ಟಿಯ ಎರಡು ಸಂಖ್ಯೆಗಳಾಗಿ ಕಾಣುತ್ತದೆ.

ಶಾಲ್ಮಲಾ

ಸುಖಾಂತ್ಯವೂ ಇದೆ, ಅದನ್ನು ಯಾರೂ ಕಲ್ಪಿಸಬೇಕಾಗಿಯೂ ಇಲ್ಲ. ವಿಲಿಯಂ ಮತ್ತು ಎಲೆನ್ ಕ್ರಾಫ್ಟ್ ಜಾರ್ಜಿಯಾದ ಮೇಕನ್ ಊರಿನ ಗುಲಾಮ ದಂಪತಿ. ಎಲೆನ್ ತನ್ನ ಒಡೆಯನಿಗೇ ಹುಟ್ಟಿದವಳು, ಹನ್ನೊಂದನೆಯ ವಯಸ್ಸಿನಲ್ಲಿ ಮಲಸೋದರಿಯ ಮದುವೆಗೆ ಉಡುಗೊರೆಯಾಗಿ ಹೋದವಳು. ಗುಲಾಮಳಾಗಿರುವಾಗ ಮಗುವನ್ನು ಹೆರಲು ಅವಳ ಮನಸ್ಸು ಒಪ್ಪಲಿಲ್ಲ, ಏಕೆಂದರೆ ಮಗು ಯಾರ ಸೊತ್ತಾಗುತ್ತದೆ ಎಂದು ಅವಳಿಗೆ ತಿಳಿದಿತ್ತು. 1848ರ ಡಿಸೆಂಬರಿನಲ್ಲಿ ಅವಳು ಕೂದಲು ಕತ್ತರಿಸಿ, ಬಿಳಿಯ ಯುವ ಯಜಮಾನನ ವೇಷ ಹಾಕಿದಳು. ಬರೆಯಲು ಬಾರದೆಂಬುದು ಹೋಟೆಲುಗಳಲ್ಲಿ ತಿಳಿಯಬಾರದೆಂದು ಬಲಗೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡಳು. ಗಂಡ ಅವಳ ಸೇವಕನಾದ. ರೈಲು ಮತ್ತು ಹಡಗುಗಳಲ್ಲಿ ಬಿಳಿಯರ ನಡುವೆಯೇ ಪಯಣಿಸಿ ಕ್ರಿಸ್ಮಸ್ ದಿನ ಫಿಲಡೆಲ್ಫಿಯಾ ತಲುಪಿದರು. ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ 1850ರ ಕಾನೂನಿನ ನಂತರ, ಅವರನ್ನು ಹಿಡಿಯಲು ಬೇಟೆಗಾರರು ಅವರು ನೆಲೆಸಿದ್ದ ಬಾಸ್ಟನ್ನಿಗೇ ಬಂದಾಗ ಇಂಗ್ಲೆಂಡಿಗೆ ಹೋದರು. ಮಕ್ಕಳು ಹುಟ್ಟಿದ್ದು ಅಲ್ಲಿ, ಸ್ವತಂತ್ರರಾಗಿ. ಯಾವ ಯಜಮಾನನೂ ಅವರಿಗೆ ಬಿಡುಗಡೆ ಪತ್ರವನ್ನು ಕೊಡಲಿಲ್ಲ.

ಹಳೆಯ ಓದುಗ

ಕ್ರಾಫ್ಟ್ ದಂಪತಿಯ ಕಥೆ ಅದ್ಭುತವಾಗಿದೆ, ಒಪ್ಪುತ್ತೇನೆ. ಆದರೆ ಅವರು ಅಪವಾದ. ಲಕ್ಷಾಂತರ ಜನರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಒಳ್ಳೆಯ ಒಡೆಯನ ಕಥೆ ಅಪವಾದವೆಂದು ನೀವು ತಳ್ಳಿಹಾಕಿದ ಮೇಲೆ, ಓಡಿಹೋದವರ ಕಥೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಲ್ಲವೇ?

ರಾಲಿ ಕನ್ನಡತಿ

ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಒಡೆಯನ ಕಥೆಯನ್ನು ನಾವು ಬಿಟ್ಟದ್ದು ಅಪರೂಪವೆಂಬ ಕಾರಣಕ್ಕಲ್ಲ. ಅಲ್ಲಿ ಹೆಣ್ಣಿಗೆ ಆಯ್ಕೆ ಇರಲಿಲ್ಲ, ಆ ಕಾರಣಕ್ಕೆ ಬಿಟ್ಟೆವು. ಇನ್ನು ತಪ್ಪಿಸಿಕೊಳ್ಳದವರ ಬಗ್ಗೆ. 1860ರಲ್ಲಿ ಸುಮಾರು ನಲವತ್ತು ಲಕ್ಷ ಜನರು ಗುಲಾಮರಾಗಿದ್ದರು, ಅವರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ, ಯಾವ ದಿನವೂ ಮಾರಾಟ ಅದನ್ನು ಮುರಿಯಬಹುದಿತ್ತು. ಆದರೂ ಅವರು ಮದುವೆಯಾದರು. ಪಕ್ಕದ ಎಸ್ಟೇಟಿನಲ್ಲಿದ್ದ ಹೆಂಡತಿಯನ್ನು ನೋಡಲು ಗಂಡಂದಿರು ಶನಿವಾರ ರಾತ್ರಿ ಪರವಾನಗಿ ಚೀಟಿ ಹಿಡಿದು ಮೈಲಿಗಟ್ಟಲೆ ನಡೆದರು.

ಯುದ್ಧ ಮುಗಿದ ಮೇಲೆ ನಡೆದದ್ದನ್ನು ನೋಡಿ. ಮಾರಾಟದಲ್ಲಿ ಕಳೆದುಹೋದ ಗಂಡ, ಹೆಂಡತಿ, ಮಕ್ಕಳನ್ನು ಹುಡುಕಿ ಜನರು ಕಪ್ಪು ಚರ್ಚುಗಳ ಪತ್ರಿಕೆಗಳಲ್ಲಿ ಪ್ರಕಟಣೆಗಳನ್ನು ಕೊಟ್ಟರು. ಕೊನೆಯದಾಗಿ ಎಲ್ಲಿ ನೋಡಿದ್ದು, ಯಾವ ಒಡೆಯ ಯಾರಿಗೆ ಮಾರಿದ್ದು ಎಂಬ ವಿವರಗಳೊಂದಿಗೆ, ದಶಕಗಳವರೆಗೆ ಕೊಡುತ್ತಲೇ ಇದ್ದರು. ಹೆಚ್ಚಿನವರು ಸಿಗಲಿಲ್ಲ, ಕೆಲವರು ಸಿಕ್ಕರು. ನಮ್ಮ ಈ ರಾಜ್ಯದಲ್ಲಿ 1866ರ ಕಾನೂನಿನಂತೆ, ಗುಲಾಮರಾಗಿದ್ದಾಗಲೇ ಗಂಡಹೆಂಡಿರಾಗಿ ಬಾಳಿದವರು ಕೌಂಟಿ ಕಚೇರಿಗೆ ಹೋಗಿ ಎಷ್ಟು ವರ್ಷದಿಂದ ಒಟ್ಟಿಗಿದ್ದೇವೆಂದು ಬರೆಸಬೇಕಾಗಿತ್ತು. ದಶಕಗಳನ್ನು ಒಟ್ಟಿಗೆ ಕಳೆದ ಮುದುಕ ಮುದುಕಿಯರು ಬಂದು ಬರೆಸಿದರು, ಆ ದಾಖಲೆಗಳು ಇಂದಿಗೂ ಇವೆ. ಸುಖಾಂತ್ಯ ಬೇಕೆನ್ನುವ ಕಾದಂಬರಿಕಾರರು ಆ ಕಚೇರಿಯ ಸಾಲಿನಲ್ಲಿ ನಿಂತವರಲ್ಲಿ ಯಾರನ್ನಾದರೂ ಆರಿಸಿಕೊಳ್ಳಬಹುದು.

ಹಳೆಯ ಓದುಗ

ಆ ದಾಖಲೆಗಳನ್ನು ಆಧರಿಸಿ ಬರೆದ ಪ್ರೇಮಕಾದಂಬರಿ ಇದ್ದರೆ ತಿಳಿಸಿ, ಓದುತ್ತೇನೆ. ಒಡೆಯರ ಬಗ್ಗೆ ಬರೆದ ಹಳೆಯ ಕಾದಂಬರಿಗಳನ್ನು ನಾನು ಓದುವುದನ್ನು ನಿಲ್ಲಿಸುವುದಿಲ್ಲ, ಅವುಗಳ ಭಾಷೆ ನನಗೆ ಇಂದಿಗೂ ಪ್ರಿಯ.

ಶಾಲ್ಮಲಾ

ಯಾರೂ ನಿಲ್ಲಿಸಿ ಎಂದಿಲ್ಲ, ಸರ್. ಜೆಂಕಿನ್ಸ್ ಅವರಿಂದ ಆರಂಭಿಸಿ. ಅವರ ಕಥೆಗಳ ಹಿಂದೆ ಇಂಥ ದಾಖಲೆಗಳ ಓದು ಇದೆ, ಭಾಷೆಯೂ ನಿಮಗೆ ಹಿಡಿಸುತ್ತದೆ ಎಂದುಕೊಳ್ಳುತ್ತೇನೆ. ಓದಿದ ಮೇಲೆ ಒಪ್ಪದ್ದನ್ನು ಇಲ್ಲೇ ಬರೆಯಿರಿ, ಜಗಳವನ್ನು ಮುಂದುವರಿಸೋಣ.